ರಾಣೆಯವರ ಸಿನಿಮಾ ತೆಗೆಯುವ ಮುನ್ನ ಆ ನಾಲ್ಕು ದಿನಗಳ ಗಡಿಯಾರ ನೋಡಿ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಹಳೆಯ ಯುದ್ಧನೌಕೆ ಇರುವ ಕಡೆಯೇ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯೂ ಇದೆ. ಚೆಂಡಿಯಾದ ಮನೆತನ, ತಂದೆ ಪೊಲೀಸ್ ಕಾನ್‌ಸ್ಟೆಬಲ್. ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದ ಮೊದಲ ಯೋಧ ಇವರು. ಅವರ ಮೇಲೆ ಕಿರುಚಿತ್ರ ಮಾಡಬೇಕು, ನಾಟಕ ಆಡಬೇಕು ಎಂಬ ಆಸೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಬಂದರೂ ಅದು ಒಳ್ಳೆಯದೇ. ಆದರೆ ಯುದ್ಧದ ಸಿನಿಮಾ ಎಂದಾಕ್ಷಣ ಕಣ್ಣಿಗೆ ಬರುವ ಚಿತ್ರ ಒಂದೇ: ನಾಯಕ ಬಂದೂಕು ಹಿಡಿದು ಗುಡ್ಡ ಹತ್ತುತ್ತಾನೆ, ಇಪ್ಪತ್ತು ಜನರನ್ನು ಉರುಳಿಸುತ್ತಾನೆ, ಧ್ವಜ ನೆಡುತ್ತಾನೆ. ರಾಣೆ ಮಾಡಿದ ಕೆಲಸ ಅದಲ್ಲ. ಅವರು ಸೇನೆಯ ಎಂಜಿನಿಯರ್, ಟ್ಯಾಂಕುಗಳಿಗೆ ದಾರಿ ಬಿಡಿಸಿದರು. ನೆಲದಲ್ಲಿ ಹೂತಿಟ್ಟ ಸ್ಫೋಟಕ ಮೈನ್ ತೆಗೆದರು, ಬಿದ್ದ ಮರ ಒಡೆದರು, ಮುರಿದ ಮೋರಿಯ ಪಕ್ಕದಲ್ಲಿ ಬದಲಿ ದಾರಿ ಕಡಿದರು. ಗುಂಡಿನ ಮಳೆಯಲ್ಲಿ, ಗಾಯಗೊಂಡ ಮೈಯಲ್ಲಿ, ನಾಲ್ಕು ದಿನ. ಆ ಶೌರ್ಯ ಇರುವುದೇ ಕೆಲಸದ ಒಳಗೆ. ಕೆಲಸವನ್ನು ಸರಿಯಾಗಿ ತೋರಿಸದಿದ್ದರೆ ಶೌರ್ಯವೂ ತೋರುವುದಿಲ್ಲ.

ಮೊದಲು ಸೈಟೇಷನ್ ಓದಿ. ಪದಕದ ಜೊತೆ ಪ್ರಕಟವಾಗುವ ಆ ವಿವರಣೆ ಸಾಮಾನ್ಯವಾಗಿ ಹೊಗಳಿಕೆಯ ಮಾತಿನಿಂದ ತುಂಬಿರುತ್ತದೆ. ರಾಣೆಯವರದು ಹಾಗಲ್ಲ, ಅದರಲ್ಲಿ ಗಂಟೆ ಗಂಟೆಯ ಲೆಕ್ಕವಿದೆ.

1948ರ ಏಪ್ರಿಲ್ 8, ಪಾಕಿಸ್ತಾನದ ಜೊತೆಗಿನ ಮೊದಲ ಕಾಶ್ಮೀರ ಯುದ್ಧದ ಕಾಲ. ಜಮ್ಮು ಭಾಗದ ನೌಶೇರಾದಿಂದ ರಾಜೌರಿಗೆ ಹೋಗುವ ಬೆಟ್ಟದ ರಸ್ತೆಯ 26ನೇ ಮೈಲಿ. ಬೆಳಿಗ್ಗೆ 11ಕ್ಕೆ ನಾಡಪುರ ಸೌತ್ ಹತ್ತಿರ ಟ್ಯಾಂಕುಗಳ ಬಳಿ ಮೈನ್ ತೆಗೆಯುವ ತಂಡ ಕಾಯುತ್ತಿರುವಾಗ ಮಾರ್ಟರ್ ದಾಳಿ. ಇಬ್ಬರು ಸತ್ತರು, ರಾಣೆ ಸೇರಿ ಐವರಿಗೆ ಗಾಯ. ತಂಡವನ್ನು ಮತ್ತೆ ಕಟ್ಟಿಕೊಂಡು ಕೆಲಸ ಶುರು. ಸಂಜೆ 4:30ರ ಹೊತ್ತಿಗೆ ಬರ್ವಾಲಿ ಎಂಬ ಬೆಟ್ಟದ ಏಣು ವಶವಾಯಿತು. ಶತ್ರು ಪೂರ್ತಿ ಹೋಗಿಲ್ಲವೆಂದು ಗೊತ್ತಿದ್ದೂ ರಾಣೆ ತಂಡವನ್ನು ಮುಂದಕ್ಕೆ ಒಯ್ದು ಟ್ಯಾಂಕಿಗೆ ಬದಲಿ ದಾರಿ ಮಾಡತೊಡಗಿದರು. ರಾತ್ರಿ 10ರ ತನಕ.

9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ಬದಲಿ ದಾರಿ ಸಿದ್ಧ. ಮುಂಚೂಣಿಯ ಕ್ಯಾರಿಯರ್ ಎಂಬ ಸೇನಾ ವಾಹನ ಏರಿ ಹೊರಟರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ಅಡ್ಡತಡೆ. ಸಿಡಿಸಿ ಮುಂದೆ. ಮತ್ತೆ 300 ಗಜಕ್ಕೆ ಅದೇ ಕಥೆ. 5 ಗಂಟೆಯ ಸುಮಾರಿಗೆ ಸಿಕ್ಕಿದ್ದು ಒಡೆದುಹಾಕಿದ ಮೋರಿ. ಕೈ ಹಚ್ಚುವ ಮೊದಲೇ ಮಷಿನ್‌ಗನ್ ಗುಂಡು. ಅಲ್ಲೂ ಬದಲಿ ದಾರಿ. 6:15ಕ್ಕೆ ಬೆಳಕು ಕುಂದುತ್ತಿರುವಾಗ ಐದು ದೊಡ್ಡ ಪೈನ್ ಮರ, ಸುತ್ತ ಮೈನ್, ಮೇಲಿನಿಂದ ಮಷಿನ್‌ಗನ್. ರಾಣೆ ಮೈನ್ ತೆಗೆಯಲು ಕೂತೇಬಿಟ್ಟರು. ಆದರೆ ಟ್ಯಾಂಕು ಪಡೆಯ ಕಮಾಂಡರ್ ಸ್ಥಿತಿ ನೋಡಿ ರಾತ್ರಿಗೆ ಎಲ್ಲರನ್ನೂ ತಂಗಿಸಿದರು.

10ರಂದು ಬೆಳಿಗ್ಗೆ 4:45ಕ್ಕೆ ಅದೇ ಅಡ್ಡತಡೆಗೆ ವಾಪಸ್. 6:30ಕ್ಕೆ ಅದು ತೆರವಾಯಿತು. ಮುಂದಿನ ಸಾವಿರ ಗಜ ಬರೀ ಅಡ್ಡತಡೆ, ಕುಸಿದ ದರೆ. 10:30ಕ್ಕೆ ಅದೂ ಮುಗಿಯಿತು. ಟ್ಯಾಂಕುಗಳು ರಸ್ತೆ ಬಿಟ್ಟು ತವಿ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2ಕ್ಕೆ ರಾಜೌರಿ ದಾರಿಯ ಚಿಂಗಸ್ ಮುಟ್ಟಿದವು. ರಾಣೆ ಮಾತ್ರ ರಸ್ತೆಯಲ್ಲೇ ಉಳಿದು ಅನ್ನ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ದುಡಿದರು. 11ರಂದು ಬೆಳಿಗ್ಗೆ 6ರಿಂದ ಕೆಲಸ, 11ಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು, ಅದರಾಚೆಯ ದಾರಿಗಾಗಿ ರಾತ್ರಿ 10ರ ತನಕ. ಮರುದಿನ, ಏಪ್ರಿಲ್ 12ರಂದು, ರಾಜೌರಿ ನಮ್ಮ ಸೇನೆಯ ಕೈಸೇರಿತು.

ಚಿತ್ರಕಥೆಗೆ ಇದಕ್ಕಿಂತ ಗಟ್ಟಿಯಾದ ಹಂದರ ಬೇಕೇ? ಆದರೂ ಬರೆಯುವವರು ನಾಲ್ಕು ದಿನವನ್ನು ಒಂದು ರಾತ್ರಿಗೆ ಇಳಿಸುತ್ತಾರೆ. ಹಾಗೆ ಮಾಡಿದರೆ ಕಥೆಯ ಬೆನ್ನೆಲುಬೇ ಹೋಗುತ್ತದೆ. 10ನೇ ತಾರೀಖಿನ ದುಡಿಮೆಯೊಂದೇ ಹದಿನಾರು ಗಂಟೆಗೂ ಹೆಚ್ಚು, ಅದೂ ಗಾಯವಾಗಿ ಎರಡು ದಿನ ಕಳೆದ ಮೇಲೆ. ಕಾಲ ಹಿಗ್ಗಿದ್ದೇ ಇಲ್ಲಿನ ಸಾಹಸ.

ಆ ದಿನ ಟ್ಯಾಂಕುಗಳು ನದಿಗೆ ಇಳಿದ ಮೇಲೂ ರಾಣೆ ಯಾಕೆ ರಸ್ತೆಯಲ್ಲಿ ಉಳಿದರು ಎಂಬುದನ್ನು ಪ್ರೇಕ್ಷಕರಿಗೆ ಬಿಡಿಸಿ ಹೇಳದಿದ್ದರೆ ಚಿತ್ರ ಅರ್ಧಕ್ಕೇ ನಿಂತಂತೆ. ಚೈನಿನ ಮೇಲೆ ಓಡುವ ಟ್ಯಾಂಕು ನದಿಯ ಉರುಟು ಕಲ್ಲಿನ ಮೇಲೆ ಹೋಗಬಲ್ಲದು. ಗುಂಡು, ಪೆಟ್ರೋಲು, ರೇಷನ್ ಹೊತ್ತ ಲಾರಿ ಹೋಗಲಾರದು. ಗಾಯಾಳುಗಳನ್ನು ಹೊತ್ತು ಹಿಂದೆ ಬರುವ ಆಂಬುಲೆನ್ಸೂ ಹೋಗಲಾರದು. ಹಿಂದಿನಿಂದ ಸರಬರಾಜು ಬಾರದಿದ್ದರೆ ಚಿಂಗಸ್ ತಲುಪಿದ ಟ್ಯಾಂಕು ಎಣ್ಣೆ ಮುಗಿದು ಕಬ್ಬಿಣದ ಪೆಟ್ಟಿಗೆಯಾಗಿ ನಿಲ್ಲುತ್ತದೆ. ಎಂಜಿನಿಯರನಿಗೆ ಇದು ಗೊತ್ತಿತ್ತು. ಈ ವಿಷಯವನ್ನು ಒಂದೇ ಸಂಭಾಷಣೆಯಲ್ಲಿ ಹೇಳಿಬಿಡಬಹುದು, ಇಲ್ಲವೇ ಸಾಲುಗಟ್ಟಿ ನಿಂತ ಲಾರಿಗಳ ಒಂದು ಶಾಟ್ ಸಾಕು.

ಬೆಳಕಿನ ವಿಷಯ. ಛಾಯಾಗ್ರಾಹಕರು ರಾತ್ರಿಯ ದೃಶ್ಯಕ್ಕೆ ನೀಲಿ ಬೆಳದಿಂಗಳು ಹಾಕುವುದು ರೂಢಿ. 1948ರ ಏಪ್ರಿಲ್ 9 ಅಮಾವಾಸ್ಯೆ. ಸರಿಯಾಗಿ ಒಂದು ಚಾಂದ್ರಮಾಸದ ನಂತರ ಮೇ 9ರಂದು ಸೂರ್ಯಗ್ರಹಣ ಆಗಿದ್ದರಿಂದ ಈ ಲೆಕ್ಕವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಅಂದರೆ ಆ ಕೆಲಸದ ರಾತ್ರಿಗಳಲ್ಲಿ ಚಂದ್ರ ಇರಲಿಲ್ಲ ಅಥವಾ ಎಳೆಯ ಗೆರೆಯಷ್ಟಿದ್ದು ಬೇಗ ಮುಳುಗಿದ. ಏಪ್ರಿಲ್ ಎರಡನೇ ವಾರ ಆ ಭಾಗದಲ್ಲಿ ಸೂರ್ಯೋದಯ ಬೆಳಿಗ್ಗೆ 6 ದಾಟಿದ ಮೇಲೆ. ಹಾಗಾಗಿ 4:45ಕ್ಕೆ ಮೈನಿನ ನಡುವೆ ಶುರುವಾದ ಕೆಲಸ ಕಗ್ಗತ್ತಲಲ್ಲಿ ಬೆರಳ ತುದಿಯ ಮೇಲೆ ನಡೆದದ್ದು. ಆ 10ನೇ ತಾರೀಖು ಚೈತ್ರ ಶುದ್ಧ ಪಾಡ್ಯ, ಚಾಂದ್ರಮಾನ ಯುಗಾದಿ. ಚೆಂಡಿಯಾದಲ್ಲಿ ಪಾಡ್ವ ಆಚರಿಸುವ ಬೆಳಗು. ಚಿತ್ರದಲ್ಲಿ ಇದನ್ನು ಬಳಸಲು ಯಾವ ಸುಳ್ಳೂ ಬೇಕಿಲ್ಲ, ತಾರೀಖು ಬರೆದರೆ ಸಾಕು.

ಇನ್ನು ಮೈನು. ಸಿನಿಮಾಗಳು ಅತಿ ಹೆಚ್ಚು ಕೆಡಿಸಿರುವುದು ಇದನ್ನೇ. ಸೈನಿಕ ಕಾಲಿಡುತ್ತಾನೆ, ‘ಟಿಕ್’ ಎನ್ನುತ್ತದೆ, ಕಾಲೆತ್ತಿದರೆ ಸಿಡಿಯುತ್ತದೆ ಎಂದು ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಒತ್ತಡದ ಮೈನ್ ಕೆಲಸ ಮಾಡುವುದು ಹಾಗಲ್ಲ. ಒತ್ತಿದ ಕ್ಷಣವೇ ಅದು ಸಿಡಿಯುತ್ತದೆ. ಮಾತಾಡಲು, ಮಡದಿಯ ಫೋಟೊ ನೋಡಲು ಸಮಯವಿಲ್ಲ. ಟ್ಯಾಂಕಿಗೆಂದು ಹೂಳುವ ಮೈನ್ ಸಾಮಾನ್ಯವಾಗಿ ಮನುಷ್ಯನ ತೂಕಕ್ಕೆ ಸಿಡಿಯುವುದಿಲ್ಲ, ನೂರಾರು ಕಿಲೊ ಭಾರ ಬೇಕು. ಮನುಷ್ಯನಿಗೆಂದು ಇಡುವುದಕ್ಕೆ ಕೆಲವೇ ಕಿಲೊ ಸಾಕು. ಟ್ಯಾಂಕಿನ ಮೈನನ್ನು ಎತ್ತಲು ಬಂದವನನ್ನೇ ಕೊಲ್ಲುವಂತೆ ಅಡಿಯಲ್ಲಿ ಇನ್ನೊಂದು ಸಿಡಿಯುವ ಸಾಧನ ಅಡಗಿಸುವುದೂ ಉಂಟು. ಹಾಗಾಗಿ ಕಂಡ ಮೈನನ್ನು ಸರಕ್ಕನೆ ಎತ್ತಿ ಎಸೆಯುವ ದೃಶ್ಯ ಬರೆಯಬೇಡಿ.

ಕೈಯಿಂದ ಮೈನ್ ಹುಡುಕುವ ಕ್ರಮ ಹೀಗೆ. ಹೊಟ್ಟೆಯ ಮೇಲೆ ಮಲಗಬೇಕು. ಬಯೊನೆಟ್ಟನ್ನೋ ಕಬ್ಬಿಣದ ಸಲಾಕೆಯನ್ನೋ ನೆಲಕ್ಕೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಮೆಲ್ಲಗೆ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ತುದಿ ಮೈನಿನ ನೆತ್ತಿಯನ್ನು ಒತ್ತುತ್ತದೆ. ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತದೆ. ಕೆಲವೇ ಸೆಂಟಿಮೀಟರಿಗೊಂದು ಚುಚ್ಚು, ಅಗಲಕ್ಕೆ ಒಂದು ಸಾಲು ಮುಗಿದ ಮೇಲೆ ಮಾತ್ರ ಮುಂದಿನ ಸಾಲು. ಏನಾದರೂ ತಾಗಿದರೆ ಬೆರಳಿನಿಂದ ಮಣ್ಣು ಬಿಡಿಸಿ, ಬದಿ ಮತ್ತು ಅಡಿ ತಡಕಿ ನೋಡಬೇಕು. ಆಮೇಲೆ ಎರಡು ದಾರಿ: ಕೊಕ್ಕೆ ಹಾಕಿದ ಉದ್ದ ಹಗ್ಗವನ್ನು ಸಿಕ್ಕಿಸಿ, ದೂರದ ಮರೆಗೆ ಹೋಗಿ ಮಲಗಿ ಎಳೆಯುವುದು, ಅಥವಾ ಪಕ್ಕದಲ್ಲೇ ಮದ್ದಿಟ್ಟು ಇದ್ದಲ್ಲೇ ಸಿಡಿಸುವುದು. ತೆರವಾದ ಓಣಿಯ ಎರಡೂ ಅಂಚಿಗೆ ಬಿಳಿ ಪಟ್ಟಿ. ಒಬ್ಬ ಕೆಲಸ ಮಾಡುವಾಗ ಉಳಿದವರು ದೂರ ದೂರ ಇರುತ್ತಾರೆ, ಒಂದು ಸಿಡಿದರೆ ಎಲ್ಲರೂ ಹೋಗಬಾರದೆಂದು. ಸಿನಿಮಾದಲ್ಲಿ ಎಲ್ಲರನ್ನೂ ಒಂದೇ ಫ್ರೇಮಿಗೆ ತರುವ ಆಸೆಗೆ ಆರು ಜನ ತಲೆಗೆ ತಲೆ ತಾಗಿಸಿ ಕೂರುತ್ತಾರೆ. ಮೈನ್ ತಂಡ ಎಂದೂ ಹಾಗೆ ಕೂರುವುದಿಲ್ಲ.

ಮೈನ್ ಪತ್ತೆಹಚ್ಚುವ ಡಿಟೆಕ್ಟರ್ ಆಗ ಇತ್ತು. ಎರಡನೇ ಮಹಾಯುದ್ಧದಲ್ಲೇ ಬಳಕೆಗೆ ಬಂದದ್ದು, ಉದ್ದ ಹಿಡಿಕೆ, ತುದಿಯಲ್ಲಿ ತಟ್ಟೆ, ಕಿವಿಗೆ ಹೆಡ್‌ಫೋನ್. ಆದರೆ ಅದು ಲೋಹ ಹುಡುಕುವ ಯಂತ್ರ. ಮರದ ಪೆಟ್ಟಿಗೆಯ ಮೈನಿನಲ್ಲಿ ಲೋಹ ಕಡಿಮೆ. ಹೆಡ್‌ಫೋನ್ ಹಾಕಿಕೊಂಡವನು ನಿಂತಿರಬೇಕು, ಮೇಲಿನಿಂದ ಬರುವ ಗುಂಡಿಗೆ ಎದೆಯೊಡ್ಡಿದಂತೆ. ಪಕ್ಕದಲ್ಲಿ ಟ್ಯಾಂಕಿನ ಎಂಜಿನ್ ಗರ್ಜಿಸುತ್ತಿದ್ದರೆ ಹೆಡ್‌ಫೋನಿನ ಸಣ್ಣ ದನಿ ಕೇಳುವುದೂ ಕಷ್ಟ. ಗುಂಡಿನ ಎದುರು ಬಯೊನೆಟ್ಟಿಗೇ ಇಳಿಯಬೇಕಾಗುವುದು ಇದಕ್ಕೆ.

ಮರ ಸಿಡಿಸುವ ದೃಶ್ಯ. ಮದ್ದಿಟ್ಟರೆ ಮರ ಮಾಯವಾಗುವುದಿಲ್ಲ. ದಿಮ್ಮಿ ಎರಡೋ ಮೂರೋ ತುಂಡಾಗುತ್ತದೆ. ಆ ತುಂಡುಗಳನ್ನು ಹಗ್ಗ ಕಟ್ಟಿ, ಹಾರೆ ಹಾಕಿ, ಮೈಬಗ್ಗಿಸಿ ಸರಿಸಬೇಕು. ಹೆಚ್ಚು ಹೊತ್ತು ಹಿಡಿಯುವುದು, ಗುಂಡಿಗೆ ಹೆಚ್ಚು ಸಿಕ್ಕಿಬೀಳುವುದು ಸಿಡಿಸಿದ ಮೇಲಿನ ಈ ಕೆಲಸದಲ್ಲೇ. ಸೇಫ್ಟಿ ಫ್ಯೂಸ್ ಉರಿಯುವ ವೇಗ ನಿಮಿಷಕ್ಕೆ ಸುಮಾರು ಎರಡು ಅಡಿ. ಆದ್ದರಿಂದ ಬೆಂಕಿ ಹಚ್ಚಿದವನು ಓಡಿಹೋಗುವುದಿಲ್ಲ, ನಡೆದು ಹೋಗಿ ಮರೆಯಲ್ಲಿ ಮಲಗುತ್ತಾನೆ. ಓಡಿ ಎಡವಿ ಬಿದ್ದರೆ ಅಪಾಯ ಹೆಚ್ಚು. ಸ್ಫೋಟ ತೋರಿಸುವಾಗ ಪೆಟ್ರೋಲಿನ ಕಿತ್ತಳೆ ಜ್ವಾಲೆಯ ಚೆಂಡು ಬೇಡ. ಸೇನೆಯ ಮದ್ದು ಸಿಡಿದರೆ ಕಣ್ಣು ಮಿಟುಕಿಸುವಷ್ಟು ಹೊಳಪು, ಆಮೇಲೆ ಬೂದು-ಕಪ್ಪು ಹೊಗೆ, ಮಣ್ಣು, ಕಲ್ಲಿನ ಚೂರು. ಕೊಲ್ಲುವುದು ಬೆಂಕಿಗಿಂತ ಆ ಚೂರು ಮತ್ತು ಗಾಳಿಯ ಹೊಡೆತ. ಸದ್ದು ಸೆಕೆಂಡಿಗೆ 340 ಮೀಟರ್ ಸಾಗುವುದರಿಂದ ಒಂದು ಕಿಲೋಮೀಟರ್ ಆಚೆಯ ಸ್ಫೋಟದ ದನಿ ಮೂರು ಸೆಕೆಂಡು ತಡವಾಗಿ ಕೇಳಬೇಕು. ದೂರದ ಮಷಿನ್‌ಗನ್ನಿನ ಗುಂಡು ಮೊದಲು ತಲೆಯ ಹತ್ತಿರ ಚಟಾರೆಂದು ಹೋಗುತ್ತದೆ, ಬಂದೂಕಿನ ಸದ್ದು ಹಿಂದಿನಿಂದ ಬರುತ್ತದೆ, ಏಕೆಂದರೆ ಆ ಕಾಲದ ಸೇನೆಯ .303 ಗುಂಡು ಸದ್ದಿಗಿಂತ ಎರಡು ಪಟ್ಟು ವೇಗದಲ್ಲಿ ಹೊರಡುತ್ತದೆ. ಧ್ವನಿ ವಿನ್ಯಾಸ ಮಾಡುವವರು ಇಷ್ಟು ಪಾಲಿಸಿದರೆ ಕಡಿಮೆ ಖರ್ಚಿನಲ್ಲೇ ಚಿತ್ರಕ್ಕೆ ಜೀವ ಬರುತ್ತದೆ.

ಟ್ಯಾಂಕಿನ ಅಡಿಯಲ್ಲಿ ತೆವಳಿದ ಕಥೆ ಎಲ್ಲರಿಗೂ ಪ್ರಿಯ. ರಾಣೆ ಟ್ಯಾಂಕಿನ ಹೊಟ್ಟೆಯ ಕೆಳಗೆ ಮಲಗಿ ಅದರ ಜೊತೆಗೇ ತೆವಳುತ್ತಾ, ಎರಡು ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಟ್ಟು ಮೈನುಗಳ ನಡುವೆ ಸಾಗಿಸಿದರು ಎಂದು ಅವರ ಕುರಿತ ಹಲವು ಬರಹಗಳಲ್ಲಿದೆ. ಸೈಟೇಷನ್ನಿನ ಪಾಠದಲ್ಲಿ ಇದು ಬರುವುದಿಲ್ಲ. ಹಾಗೆಂದು ಬಿಟ್ಟುಬಿಡಬೇಕಿಲ್ಲ, ಆದರೆ ಇಡೀ ಚಿತ್ರವನ್ನು ಅದೊಂದರ ಮೇಲೆ ನಿಲ್ಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೋರಿಸುವುದಾದರೆ ಅಳತೆ ಸರಿಯಿರಲಿ. ಜೊತೆಗಿದ್ದದ್ದು ಸೆಂಟ್ರಲ್ ಇಂಡಿಯಾ ಹಾರ್ಸ್ ರೆಜಿಮೆಂಟಿನ ಸ್ಟುವರ್ಟ್ ಟ್ಯಾಂಕು, ಹದಿನೈದು ಟನ್ನಿನ ಆಸುಪಾಸಿನ ಹಗುರ ಟ್ಯಾಂಕು, 37 ಮಿಲಿಮೀಟರಿನ ಸಣ್ಣ ತೋಪು. ಅದರ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ ಒಂದೂವರೆ ಅಡಿಗೂ ಕಡಿಮೆ. ಅಲ್ಲಿ ಮಂಡಿಯೂರಿ ಹೋಗಲಾಗದು, ಎದೆಯ ಮೇಲೇ ಹೋಗಬೇಕು. ಮಾತು ಕೇಳುವುದಿಲ್ಲ, ಹಗ್ಗ ಬೇಕಾದದ್ದೇ ಅದಕ್ಕೆ. ಇಂದಿನ ಟ್ಯಾಂಕನ್ನು ತಂದು ನಿಲ್ಲಿಸಿದರೆ ಅದು ಮೂರು ಪಟ್ಟು ತೂಕದ ಬೇರೆಯದೇ ಪ್ರಾಣಿ. ಟ್ಯಾಂಕು ಸಿಗದಿದ್ದರೆ ಪ್ಲೈವುಡ್ಡಿನಲ್ಲಿ ಅಡಿಭಾಗ ಮತ್ತು ಎರಡು ಚೈನು ಮಾತ್ರ ಮಾಡಿ, ಕ್ಯಾಮೆರಾ ನೆಲಮಟ್ಟದಲ್ಲಿಟ್ಟು ತೆಗೆಯಿರಿ. ಇಡೀ ಟ್ಯಾಂಕಿನ ಕೆಟ್ಟ ನಕಲಿಗಿಂತ ಅದು ಎಷ್ಟೋ ಮೇಲು. ಕ್ಯಾರಿಯರ್ ಅಂದರೆ ಜೀಪಲ್ಲ, ಮೇಲ್ಭಾಗ ತೆರೆದ, ಚೈನಿನ ಮೇಲೆ ಓಡುವ ಗಿಡ್ಡ ವಾಹನ.

ಪಾತ್ರಕ್ಕೆ ಆಯ್ಕೆಯಾಗುವ ನಟನ ವಯಸ್ಸು ನೋಡಿ. ಸೆಕೆಂಡ್ ಲೆಫ್ಟಿನೆಂಟ್ ಎಂದ ಕೂಡಲೇ ಮೀಸೆ ಚಿಗುರುತ್ತಿರುವ ಹುಡುಗನನ್ನು ತರುತ್ತಾರೆ. ರಾಣೆ ಹುಟ್ಟಿದ್ದು 1918ರ ಜೂನ್ 26, ಆಗ 29 ತುಂಬಿತ್ತು. 1940ರ ಜುಲೈ 10ರಂದು ಬಾಂಬೆ ಎಂಜಿನಿಯರ್ಸ್‌ಗೆ ಸಿಪಾಯಿಯಾಗಿ ಸೇರಿ, 28 ಫೀಲ್ಡ್ ಕಂಪನಿಯಲ್ಲಿ ಬರ್ಮಾದ ಜಪಾನಿ ಯುದ್ಧ ಕಂಡವರು. ಬರ್ಮಾದ ಕರಾವಳಿ ಪ್ರದೇಶವಾದ ಅರಾಕಾನಿನಿಂದ ಸೇನೆ ಹಿಂದೆಗೆಯುವಾಗ ಬುಥಿಡಾಂಗಿನಲ್ಲಿ ಮದ್ದಿನ ದಾಸ್ತಾನು ನಾಶಮಾಡಲು ಉಳಿದು, ಕರೆದೊಯ್ಯಬೇಕಿದ್ದ ಹಡಗು ಬಾರದಿದ್ದಾಗ ಜಪಾನಿ ಪಹರೆಯ ನಡುವೆ ನದಿ ದಾಟಿ ತಂಡದೊಂದಿಗೆ ಪಾರಾಗಿ ಬಂದರು, ಹವಾಲ್ದಾರರಾದರು. ಅಧಿಕಾರಿಯಾದದ್ದು 1947ರ ಡಿಸೆಂಬರ್ 15ರಂದು. ಅಂದರೆ ರಾಜೌರಿ ರಸ್ತೆಯಲ್ಲಿ ಹೆಗಲ ಮೇಲಿನ ನಕ್ಷತ್ರಕ್ಕೆ ನಾಲ್ಕು ತಿಂಗಳೂ ಆಗಿರಲಿಲ್ಲ. ಎಂಟು ವರ್ಷದ ಹತ್ತಿರ ಕೈಕೆಸರು ಮಾಡಿಕೊಂಡ ಕೆಲಸಗಾರ, ಅವರು 4 ಡೋಗ್ರಾ ಬೆಟಾಲಿಯನ್ನಿನ ಜೊತೆಗಿದ್ದ 37 ಅಸಾಲ್ಟ್ ಫೀಲ್ಡ್ ಕಂಪನಿಯ ತುಕಡಿಯನ್ನು ನಡೆಸುತ್ತಿದ್ದರು. ಯುದ್ಧದ ದೃಶ್ಯದಲ್ಲಿ ಯಾರೂ ಅವರನ್ನು ಮೇಜರ್ ಎಂದು ಕರೆಯಬಾರದು. ಆ ಹುದ್ದೆ ಬಂದದ್ದು ಎಷ್ಟೋ ಕಾಲದ ಮೇಲೆ.

ಹೆಗಲಿನ ಚಿಹ್ನೆಯಲ್ಲೇ ಇನ್ನೊಂದು ಬಲೆಯಿದೆ. 1950ರ ಜನವರಿ 26ರ ಮೊದಲು ನಮ್ಮ ಸೇನೆಯ ಹುದ್ದೆಯ ಗುರುತುಗಳಲ್ಲಿ ಅಶೋಕ ಸ್ತಂಭದ ಸಿಂಹ ಇರಲಿಲ್ಲ, ಬ್ರಿಟಿಷ್ ಕಿರೀಟವಿತ್ತು. 1948ರ ಮೇಜರನ ಹೆಗಲಿಗೆ ಸಿಂಹ ಹಾಕಿದರೆ ತಪ್ಪು. ಆಗ ಸೇನೆಯ ಮುಖ್ಯಸ್ಥರೂ ಬ್ರಿಟಿಷರೇ, ಜನರಲ್ ರಾಯ್ ಬುಚರ್. ಕಾರ್ಯಪ್ಪನವರು ಆ ಸ್ಥಾನಕ್ಕೆ ಬಂದದ್ದು 1949ರ ಜನವರಿ 15ರಂದು. ವಾಯುಪಡೆಯ ಹೆಸರಿನಲ್ಲಿ ‘ರಾಯಲ್’ ಇನ್ನೂ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು: 1948ರಲ್ಲಿ ಪರಮವೀರ ಚಕ್ರವೇ ಇರಲಿಲ್ಲ. ಅದು ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ. ರಾಣೆಯವರ ಹೆಸರು ಪ್ರಕಟವಾದದ್ದು 1950ರ ಜೂನ್ 21ರಂದು. ಹಾಗಾಗಿ ಕಮಾಂಡರ್ ಯುದ್ಧಭೂಮಿಯಲ್ಲೇ ಹೆಗಲು ತಟ್ಟಿ ‘ನಿನಗೆ ಪರಮವೀರ ಚಕ್ರ ಸಿಗಬೇಕು’ ಎನ್ನುವ ಮಾತು ಬರೆಯಲೇಬಾರದು. ಪದಕ ತೋರಿಸುವಾಗ: ಕಂಚಿನದು, ದುಂಡನೆಯದು, ಸುಮಾರು 35 ಮಿಲಿಮೀಟರ್ ಅಗಲ, ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಪ್ರತಿರೂಪ, ಪಟ್ಟಿ ಪೂರ್ತಿ ನೇರಳೆ. ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದು. ಬಂಗಾರದ ಬಣ್ಣ ಬಳಿದ ತಗಡನ್ನು ತ್ರಿವರ್ಣ ಪಟ್ಟಿಗೆ ಕಟ್ಟಿದರೆ ಅದು ಶಾಲೆಯ ಕ್ರೀಡಾಕೂಟದ ಪದಕದಂತೆ ಕಾಣುತ್ತದೆ.

ಬಟ್ಟೆ ಮತ್ತು ಆಯುಧ. ಮಚ್ಚೆ ಮಚ್ಚೆಯ ಕ್ಯಾಮೊಫ್ಲಾಜ್, ವೆಲ್ಕ್ರೊ, ಮಂಡಿಗೆ ಪ್ಯಾಡು ಒಂದೂ ಇರಲಿಲ್ಲ. ಖಾಕಿ ಅಥವಾ ಆಲಿವ್ ಹಸಿರು, ದಪ್ಪ ಕ್ಯಾನ್ವಾಸಿನ ಬೆಲ್ಟು-ಪೌಚು, ಮೊಳೆ ಹೊಡೆದ ಬೂಟು. ಸಿಪಾಯಿಯ ಕೈಯಲ್ಲಿ .303 ಲೀ-ಎನ್‌ಫೀಲ್ಡ್, ಹತ್ತು ಗುಂಡಿನ ಮ್ಯಾಗಜಿನ್, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಅದು ಪಟಪಟನೆ ಸಿಡಿಯುವುದಿಲ್ಲ. ಬ್ರೆನ್ ಗನ್ನಿನ ಬಾಗಿದ ಮ್ಯಾಗಜಿನ್ ಮೇಲ್ಗಡೆ ಇರುತ್ತದೆ, ಹಿಡಿಸುವುದು 30 ಗುಂಡು. ಸ್ಟೆನ್ ಗನ್ನಿನದು ಎಡಮಗ್ಗುಲಲ್ಲಿ. 36ನೇ ನಂಬರಿನ ಗ್ರೆನೇಡ್ ಎಸೆದ ಮೇಲೆ ಸಿಡಿಯಲು ನಾಲ್ಕು ಸೆಕೆಂಡು. ಹಲ್ಲಿನಿಂದ ಅದರ ಪಿನ್ನು ಎಳೆಯಹೋದರೆ ಹಲ್ಲೇ ಬಂದೀತು. ಗಾಯದ ಬ್ಯಾಂಡೇಜಿಗೂ ನಾಲ್ಕು ದಿನದ ಲೆಕ್ಕ ಬೇಕು: 8ರಂದು ಹಸಿ ರಕ್ತ, 9ಕ್ಕೆ ಕಪ್ಪು, 11ಕ್ಕೆ ಮಣ್ಣಿನ ಬಣ್ಣ. ಗಡ್ಡವೂ ಹಾಗೆಯೇ ಬೆಳೆಯಬೇಕು.

ಚಿತ್ರೀಕರಣದ ಜಾಗ. ಪೈನ್ ನಮ್ಮ ಘಟ್ಟದ ಮರವಲ್ಲ. ಕಾರವಾರದ ಗಾಳಿಮರದ ತೋಪು ದೂರದಿಂದ, ಹೊಗೆ ತುಸು ಹರಿದರೆ, ಪೈನಿನಂತೆ ಕಂಡೀತು. ಹತ್ತಿರದ ಶಾಟಿಗೆ ಅದು ಆಗದು: ಹಿಮಾಲಯದ ಚೀಡ್ ಪೈನಿನ ತೊಗಟೆ ದಪ್ಪ, ಕೆಂಗಂದು, ಹಲ್ಲೆ ಹಲ್ಲೆಯಾಗಿ ಸೀಳಿದ್ದು, ಎಲೆ ಮೂರು ಮೂರು ಸೂಜಿಯ ಗೊಂಚಲು. ಶಿರಸಿ-ಯಲ್ಲಾಪುರದ ಕಾಡಿನಲ್ಲಿ ರಾಜೌರಿ ತೆಗೆಯುವ ಹಟ ಬೇಡ. ಆದರೆ ಬರ್ಮಾದ ಭಾಗಕ್ಕೆ ನಮ್ಮ ಜಿಲ್ಲೆಗಿಂತ ಹೊಂದುವ ಜಾಗ ಕಡಿಮೆ. ಕಾಳಿ, ಅಘನಾಶಿನಿಯ ಅಳಿವೆಯ ಕಾಂಡ್ಲಾ ಗಿಡ, ಕೆಸರು, ಉಬ್ಬರ-ಇಳಿತ, ಜೂನಿನ ಮಳೆ ಎಲ್ಲವೂ ಅರಾಕಾನಿನ ಕರಾವಳಿಗೆ ತೀರ ಹತ್ತಿರ. ಚೆಂಡಿಯಾದ ಬಾಲ್ಯದ ದೃಶ್ಯಕ್ಕೆ ಕ್ಯಾಮೆರಾ ತಿರುಗಿಸುವಾಗ ಕೊಂಕಣ ರೈಲ್ವೆಯ ಸೇತುವೆ, ಕೈಗಾದಿಂದ ಹೊರಟ ವಿದ್ಯುತ್ ಗೋಪುರ, 1980ರ ದಶಕದಿಂದ ಎಲ್ಲೆಡೆ ನೆಟ್ಟ ಅಕೇಶಿಯಾ ಇವು ಚೌಕಟ್ಟಿನಿಂದ ಹೊರಗಿರಲಿ. ಆಗ ಕಾಳಿ ನದಿ ದಾಟಲು ಸೇತುವೆಯಿಲ್ಲ, ತಾರಿ. ಜಿಲ್ಲೆ ಮುಂಬೈ ಪ್ರಾಂತ್ಯದ್ದು. ಮೈಸೂರು ಸಂಸ್ಥಾನದ ಪೊಲೀಸ್ ಉಡುಪು ತೊಡಿಸಬೇಡಿ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆದಾಗ ರಾಣೆ ಹನ್ನೊಂದರ ಹುಡುಗ. ಪಲ್ಟನ್ನಿನಲ್ಲಿ ನಡೆಯುವ ಮಾತು ಹಿಂದೂಸ್ತಾನಿ. ಕನ್ನಡ ಚಿತ್ರವಾದರೂ ಆಜ್ಞೆಗಳನ್ನಾದರೂ ಅದರಲ್ಲೇ ಉಳಿಸಿ.

ಶತ್ರುವನ್ನು ಕೋಡಂಗಿ ಮಾಡಬೇಡಿ. ಸೈಟೇಷನ್ನಿನಲ್ಲಿ ಕಾಣುವ ಎದುರಾಳಿ ಯುದ್ಧ ಬಲ್ಲವನು: ತಿರುವು ನೋಡಿ ಮರ ಕಡಿದಿದ್ದಾನೆ, ಮರದ ಸುತ್ತ ಮೈನ್ ಇಟ್ಟಿದ್ದಾನೆ, ಅದರ ಮೇಲೆ ಮಷಿನ್‌ಗನ್ ಗುರಿ ಕಟ್ಟಿದ್ದಾನೆ. ಅಡ್ಡತಡೆಗೆ ಗುಂಡಿನ ಕಾವಲು ಇದ್ದರೆ ಮಾತ್ರ ಅದು ನಿಜವಾದ ಅಡ್ಡತಡೆ. ಅಂಥವನ ಎದುರು ಕೂತು ಮೈನ್ ತೆಗೆದದ್ದಕ್ಕೇ ಈ ಪದಕ. ಮತ್ತು ಆ ಎದುರಾಳಿ ಕಣ್ಣಿಗೆ ಕಾಣುವುದಿಲ್ಲ. ಮಾರ್ಟರ್ ಏಣಿನ ಹಿಂದಿನಿಂದ ಹಾರಿಸುವ ಆಯುಧ.

ಮೊದಲ ದಿನ ಸತ್ತ ಇಬ್ಬರಿಗೆ ಸಿನಿಮಾದ ಅನುಕೂಲಕ್ಕೆ ಹೆಸರು ಕಟ್ಟಿ, ಒಬ್ಬನನ್ನು ಹಾಸ್ಯಗಾರ, ಇನ್ನೊಬ್ಬನನ್ನು ಮದುವೆ ಗೊತ್ತಾದವನು ಮಾಡುವುದು ನನಗೆ ಸಹಿಸಲಾಗದ ಸಂಗತಿ. ಅವರು ನಿಜವಾಗಿ ಇದ್ದವರು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಮಡಿದವರ ಹೆಸರುಗಳನ್ನು ಗ್ರಾನೈಟಿನಲ್ಲಿ ಕೆತ್ತಿದ್ದಾರೆ. ಬಾಂಬೆ ಎಂಜಿನಿಯರ್ಸ್, ಅಂದರೆ ಬಾಂಬೆ ಸ್ಯಾಪರ್ಸ್‌ನ ಕೇಂದ್ರ ಪುಣೆಯ ಖಡ್ಕಿಯಲ್ಲಿದೆ. ಅಲ್ಲಿಗೆ ಪತ್ರ ಬರೆದು ಕೇಳುವುದು ಚಿತ್ರಕಥೆಯ ಮೊದಲ ತಿಂಗಳ ಕೆಲಸವಾಗಲಿ. ಹೆಸರು ಸಿಗದಿದ್ದರೆ ಹೆಸರಿಲ್ಲದೆಯೇ ತೋರಿಸಿ.

ಕಡಲತೀರದ ಚಪಲ್ ಬಗ್ಗೆಯೂ ಹೇಳಬೇಕು, ಏಕೆಂದರೆ 1971ರ ನೌಕಾ ಯುದ್ಧದ ಚಿತ್ರವನ್ನು ಅದರ ಮೇಲೆ ತೆಗೆಯುವ ಆಸೆ ಸಹಜ. ಚಪಲ್ ಸೇವೆಗೆ ಬಂದದ್ದು 1976ರ ನವೆಂಬರ್ 4ರಂದು, ಹೋದದ್ದು 2005ರಲ್ಲಿ. 1971ರ ಯುದ್ಧದಲ್ಲಿ ಅದು ಇರಲಿಲ್ಲ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಅವು ಹಿಂದಿನ ಮಾದರಿ. ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಕ್ಷಿಪಣಿಯ ಗೂಡಿನಲ್ಲಿದೆ: ಆ ಹಳೆಯ ದೋಣಿಗಳದು ಚೌಕನೆಯ ಪೆಟ್ಟಿಗೆಯಂಥದು, ಚಪಲ್ ಮಾದರಿಯದು ದುಂಡನೆಯ ಕೊಳವೆ, ಅದರ ಕ್ಷಿಪಣಿಯ ರೆಕ್ಕೆ ಮಡಚುವುದರಿಂದ. ಚಪಲ್ ಮೇಲೆ ತೆಗೆಯಲೇಬೇಕಾದರೆ ಒಳಾಂಗಣ, ಏಣಿ, ಕೈಗಂಬಿಗಳಿಗೆ ಮಾತ್ರ ಬಳಸಿ, ಕೊಳವೆಗಳನ್ನು ಚೌಕಟ್ಟಿಗೆ ತರಬೇಡಿ. 1971ರ ಆ ಕ್ಷಿಪಣಿಯ ವ್ಯಾಪ್ತಿ ಸುಮಾರು 40 ಕಿಲೋಮೀಟರ್. ಹಾರಿಸಿದವರಿಗೆ ಶತ್ರುವಿನ ಹಡಗು ರಾಡಾರಿನ ಚುಕ್ಕೆ ಮಾತ್ರ. ಎರಡು ಹಡಗನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವುದು ಸುಳ್ಳು. ಅಲ್ಲಿಯೇ ಇಟ್ಟಿರುವ ಟುಪೋಲೆವ್ 142 ಗಸ್ತು ವಿಮಾನ ನೌಕಾಪಡೆಗೆ ಬಂದದ್ದು 1988ರಲ್ಲಿ. 1971ರಲ್ಲಿ ಕಾರವಾರದಲ್ಲಿ ನೌಕಾನೆಲೆಯೇ ಇರಲಿಲ್ಲ. ಅದರ ಶಿಲಾನ್ಯಾಸ 1986ರಲ್ಲಿ, ಐಎನ್‌ಎಸ್ ಕದಂಬ ಎಂಬ ಹೆಸರಿನ ಆ ನೆಲೆಯ ಆರಂಭ 2005ರಲ್ಲಿ. ವಿಮಾನವಾಹಕ ನೌಕೆ ಹಳೆಯ ವಿಕ್ರಾಂತಿನ ಹಾರುದಾಣ ಆಗ ಚಪ್ಪಟೆಯಾಗಿತ್ತು. ಮೂತಿ ಮೇಲೆತ್ತಿದ ಹಡಗು ಕಂಡರೆ ಅದು ಬೇರೆ ಕಾಲದ್ದು.

ಉಳಿದ ಯುದ್ಧಗಳಿಗೆ ಬೇಗ ಹೇಳುತ್ತೇನೆ. 1962ರ ಚೀನಾ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ ಕೈಯಲ್ಲಿದ್ದದ್ದು .303. 1971ಕ್ಕೆ ಎಸ್‌ಎಲ್‌ಆರ್ ರೈಫಲ್. ಇನ್ಸಾಸ್ ರೈಫಲ್ ಬಂದದ್ದು 1990ರ ದಶಕದ ಕೊನೆಗೆ, ಕಾರ್ಗಿಲಿನಲ್ಲಿ ಅದು ಸರಿ. 1971ರ ಬಸಂತರ ಕದನದ ಅರುಣ್ ಖೇತ್ರಪಾಲ್ ಇದ್ದದ್ದು ಸೆಂಚುರಿಯನ್ ಟ್ಯಾಂಕಿನಲ್ಲಿ. ಸಲ್ಯೂಟ್ ಬಗ್ಗೆ ಎಚ್ಚರ: ಭೂಸೇನೆಯದು ಅಂಗೈ ಎದುರಿಗೆ ಕಾಣುವಂತೆ, ನೌಕಾಪಡೆಯದು ಅಂಗೈ ಕೆಳಮುಖವಾಗಿ, ವಾಯುಪಡೆಯ ಇಂದಿನ ಓರೆ ಸಲ್ಯೂಟ್ 2006ರಿಂದ ಮಾತ್ರ. 1971ರ ವಾಯುಪಡೆಯ ವೀರ ನಿರ್ಮಲಜಿತ್ ಸಿಂಗ್ ಸೇಖೋನ್ ಪಾತ್ರಧಾರಿ ಓರೆ ಸಲ್ಯೂಟ್ ಹೊಡೆಯಬಾರದು. ಬರಿತಲೆಯಲ್ಲಿ ಕೈಯೆತ್ತಿ ಸಲ್ಯೂಟ್ ಮಾಡುವುದು ನಮ್ಮ ಮೂರೂ ಪಡೆಗಳಲ್ಲಿ ಇಲ್ಲ.

ಅನುಮತಿಗಳು. ಸೇನೆಯ ವಿಷಯದ ಚಿತ್ರಕ್ಕೆ ರಕ್ಷಣಾ ಸಚಿವಾಲಯದ ನಿರಾಕ್ಷೇಪಣಾ ಪತ್ರ ಬೇಕೆಂದು 2020ರಲ್ಲಿ ಸಚಿವಾಲಯ ಸೆನ್ಸಾರ್ ಮಂಡಳಿಗೆ ಬರೆದಿದೆ. ಚಿತ್ರೀಕರಣಕ್ಕೆ ಮುಂಚೆಯೇ ಚಿತ್ರಕಥೆ ಕಳಿಸಿ, ಮುಗಿದ ಮೇಲೆ ತಿದ್ದುವುದು ದುಬಾರಿ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಡ್ರೋನ್ ಹಾರಿಸುವ ಮೊದಲು ಒಪ್ಪಿಗೆ ಕಡ್ಡಾಯ. ನಕಲಿ ಬಂದೂಕು, ಪಟಾಕಿ ಬಳಸುವ ದಿನ ಠಾಣೆಗೆ ತಿಳಿಸಿ, ಸಮವಸ್ತ್ರ ತೊಟ್ಟ ನಟರು ಪೇಟೆಯಲ್ಲಿ ಹಾಗೇ ತಿರುಗದಿರಲಿ.

ಕೊನೆಗೆ ಪರದೆಯ ಮೇಲೆ ಬರುವ ಅಕ್ಷರಗಳು. ಪ್ರೇಕ್ಷಕ ನಿಜವೆಂದೇ ಓದುವುದು ಅದನ್ನು, ಆದ್ದರಿಂದ ಅದರಲ್ಲಿ ವಿಶೇಷಣ ಬೇಡ. ಇಷ್ಟು ಸಾಕು: ‘ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ, ಕೋರ್ ಆಫ್ ಎಂಜಿನಿಯರ್ಸ್. ನೌಶೇರಾ-ರಾಜೌರಿ ರಸ್ತೆ, 1948 ಏಪ್ರಿಲ್ 8ರಿಂದ 11. ಪರಮವೀರ ಚಕ್ರ 1950. ಮೇಜರ್ ಆಗಿ ನಿವೃತ್ತಿ 1968. ನಿಧನ 1994 ಜುಲೈ 11, ಪುಣೆ.’ ಇದರ ಕೆಳಗೆ, ಚಿತ್ರದಲ್ಲಿ ನೀವು ಕಲ್ಪಿಸಿ ಸೇರಿಸಿದ ದೃಶ್ಯ ಯಾವುದು ಎಂದು ಅದೇ ಗಾತ್ರದ ಅಕ್ಷರದಲ್ಲಿ ಬರೆಯಿರಿ, ಓದಿ ಮುಗಿಸುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿ.